ಕೆರೆಯ ಲೆಕ್ಕ, ಅಳಿವೆಯ ಮೀನು

ಸೂಳೆಕೆರೆ ಸೀಮೆಯಲ್ಲಿ ಗಾಳ ಹಾಕುತ್ತ ಬೆಳೆದವರಿಗೆ ಒಂದು ಮೊಂಡು ಧೈರ್ಯ ಇರುತ್ತದೆ. ಮೀನು ಖರ್ಚಾದರೆ ಮತ್ತೆ ಬರುತ್ತದೆ ಎನ್ನುವುದು ಆ ಧೈರ್ಯ. ನಮ್ಮ ಕಡೆ ಕೆರೆ ಹರಾಜಾಗುತ್ತದೆ, ಹಿಡಿದವನು ಮಳೆಗಾಲದಲ್ಲಿ ಮೀನುಮರಿ ತಂದು ಬಿಡುತ್ತಾನೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಲಾರಿಯಿಂದ ಇಳಿಯುವುದನ್ನು ನೋಡಲು ಹುಡುಗರೆಲ್ಲ ಏರಿಯ ಮೇಲೆ ಸೇರುತ್ತಿದ್ದೆವು. ಗುತ್ತಿಗೆದಾರನ ಕಣ್ಣು ತಪ್ಪಿಸಿ ನಾವು ಹಿಡಿದ ಮೀನು ಅವನ ಜೇಬಿಗೆ ನಷ್ಟವೇ ಹೊರತು ಕೆರೆಗಲ್ಲ. ಮುಂದಿನ ವರ್ಷ ಮತ್ತೆ ಲಾರಿ ಬರುತ್ತಿತ್ತು.

ಈ ಲೆಕ್ಕ ಕೆರೆಯ ಮಟ್ಟಿಗೆ ಸರಿಯೇ. ಕಾಟ್ಲಾ, ರೋಹು, ಮೃಗಾಲ ಮೂರೂ ಹರಿಯುವ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಎಷ್ಟೇ ಕೊಬ್ಬಿದರೂ ಮೊಟ್ಟೆ ಇಡುವುದಿಲ್ಲ. ಒಂದು ಕಾಲಕ್ಕೆ ಮುಂಗಾರಿನಲ್ಲಿ ನದಿಗಳಿಂದ ಸೋಸಿ ತಂದ ಮರಿಗಳೇ ಕೆರೆಗಳಿಗೆ ಗತಿಯಾಗಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಪಿಟ್ಯುಟರಿ ಗ್ರಂಥಿಯ ಸಾರವನ್ನು ಮೀನಿಗೆ ಚುಚ್ಚಿ ಮೊಟ್ಟೆ ಇಡಿಸಿದರು. ಆಮೇಲೆ ಮರಿ ಉತ್ಪಾದನೆ ತೊಟ್ಟಿಯಲ್ಲೇ ನಡೆಯುವ ಕೆಲಸವಾಯಿತು. ಜುಲೈ 10 ಇವತ್ತಿಗೂ ಮೀನು ಕೃಷಿಕರ ದಿನ. ಹಾಗಾಗಿ ಕೆರೆಯಲ್ಲಿ ಸಣ್ಣ ರೋಹು ಸಿಕ್ಕಾಗ ಅದನ್ನು ವಾಪಸ್ ಬಿಟ್ಟರೂ ಅದು ಅಲ್ಲಿ ಸಂಸಾರ ಕಟ್ಟುವುದಿಲ್ಲ. ನಾನಂತೂ ಯಾವತ್ತೂ ಬಿಟ್ಟವನಲ್ಲ.

ಈ ಬುದ್ಧಿಯನ್ನೇ ಕಟ್ಟಿಕೊಂಡು ಹೊನ್ನಾವರಕ್ಕೆ ಹೋದದ್ದು ನನ್ನ ತಪ್ಪು.

ಮಕ್ಕಳಿಗೆ ರಜೆ. ಸಾಗರ, ಜೋಗ ಮುಗಿಸಿ ಗೇರುಸೊಪ್ಪೆ ಘಾಟಿ ಇಳಿದು ಶರಾವತಿಯ ದಡದ ಒಂದು ಹೋಂಸ್ಟೇಯಲ್ಲಿ ಉಳಿದೆವು. ಹೆಂಡತಿಗೆ ಕಾಸರಕೋಡಿನ ಇಕೋ ಬೀಚ್ ನೋಡುವ ಆಸೆ. ಮಗಳಿಗೆ ಕಾಂಡ್ಲಾ ಕಾಡಿನೊಳಗಿನ ಮರದ ಹಾದಿಯಲ್ಲಿ ನಡೆಯಬೇಕಿತ್ತು. ನನಗೆ ಗಾಳ ಹಾಕಬೇಕಿತ್ತು. ಹೊಸ ರಾಡು, ಹೊಸ ರೀಲು ಡಿಕ್ಕಿಯಲ್ಲಿದ್ದವು. ಅವುಗಳ ಬೆಲೆ ಮನೆಯಲ್ಲಿ ಹೇಳಿರಲಿಲ್ಲ.

ನಾನು ಏನೂ ವಿಚಾರಿಸದೆ ನೀರಿಗಿಳಿದೆ ಎಂದುಕೊಳ್ಳಬೇಡಿ. ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ ಅಲ್ಲೇ ಪಕ್ಕದಲ್ಲಿ ಅಪ್ಸರಕೊಂಡ ಮತ್ತು ಮುಗಳಿಯ ಕಡೆ ಇದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಕಡಲಾಮೆಗಳು ಮೊಟ್ಟೆ ಇಡಲು ಬರುವ ಮರಳದಂಡೆ ಅದು. ಅದರ ಗಡಿ ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ ಎಂದು ಹೋಂಸ್ಟೇಯವರನ್ನು ಕೇಳಿದೆ, ಫೋನಿನ ನಕಾಶೆಯಲ್ಲೂ ಹುಡುಕಿದೆ. ಅದು ಅಳಿವೆಯಿಂದ ದಕ್ಷಿಣಕ್ಕೆ, ಕಡಲಿನಲ್ಲಿ. ನಾನು ನಿಲ್ಲಬೇಕೆಂದಿದ್ದ ಜಾಗ ಹೊಳೆಯ ಒಳಗೆ, ಕಾಂಡ್ಲಾ ಗಿಡಗಳ ಮಗ್ಗುಲಲ್ಲಿ. ಗಾಳ ಹಾಕಬೇಡಿ ಎಂಬ ಫಲಕವೂ ಅಲ್ಲಿ ಕಾಣಲಿಲ್ಲ. ಇಷ್ಟಾದರೆ ಸಾಕಲ್ಲ, ಒಳ್ಳೆಯ ನಾಗರಿಕ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭರತ ಏರುವ ಹೊತ್ತು. ಪೇಟೆಯಿಂದ ತಂದ ಸಿಗಡಿಯನ್ನು ಮಗ ತುಂಡು ಮಾಡಿ ಕೊಡುತ್ತಿದ್ದ. ನಾನು ಕೊಕ್ಕೆಗೆ ಚುಚ್ಚಿ ಕಾಂಡ್ಲಾದ ಬೇರುಗಳ ಸಂದಿಗೆ ಬಿಡುತ್ತಿದ್ದೆ. ನೀರಿನೊಳಕ್ಕೆ ಕಮಾನಾಗಿ ಇಳಿದ ಆ ಬೇರುಗಳ ನೆರಳಲ್ಲಿ ಏನೋ ಕಾದು ಕೂತಂತಿತ್ತು. ಸಿಗಡಿ ತಳ ಮುಟ್ಟುವುದೇ ತಡ, ದಾರ ಜಗ್ಗುತ್ತಿತ್ತು. ಕೆರೆಯ ಗೆಂಡೆ ಮೂಸಿ, ಮುಟ್ಟಿ, ಅನುಮಾನಪಟ್ಟು ಆಮೇಲೆ ಬಾಯಿ ಹಾಕುವ ಜಾತಿ. ಇಲ್ಲಿ ಅನುಮಾನವೇ ಇಲ್ಲ. ಒಂದನ್ನು ಎಳೆದರೆ ಅದೇ ಬೇರಿನ ಬುಡದಲ್ಲಿ ಇನ್ನೊಂದು. ಅಂಗೈಯಷ್ಟುದ್ದದ ಚೆಂದದ ಮೀನುಗಳು. ಕಂದು ಮೈಮೇಲೆ ಬೆನ್ನಿನಿಂದ ಹೊಟ್ಟೆಗೆ ಇಳಿದ ಬೆಳ್ಳನೆಯ ಪಟ್ಟೆಗಳು, ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಎಳೆದಿಟ್ಟಂಥ ನೀಲಿ ಗೆರೆ. ಮಗಳು ಅವಕ್ಕೆ ಪಟ್ಟೆಮೀನು ಎಂದು ಹೆಸರಿಟ್ಟಳು. ನಮ್ಮ ಕೆರೆಯಲ್ಲಿ ಸಸಲು ಇರುವ ಹಾಗೆ ಇಲ್ಲಿ ಇದೊಂದು ಸಣ್ಣ ಜಾತಿ ಇರಬೇಕು, ಇಷ್ಟೇ ಬೆಳೆಯುತ್ತದೆ ಎಂದು ನಾನೂ ವಿವರಣೆ ಕೊಟ್ಟೆ. ಅಪ್ಪನಾದವನು ಮೀನಿನ ವಿಷಯದಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ?

ಬಕೆಟ್ ತುಂಬುತ್ತ ಬಂತು. ಫೋಟೋ ತೆಗೆದು ದಾವಣಗೆರೆಯ ಗೆಳೆಯರಿಗೆ ವಾಟ್ಸಾಪ್ ಮಾಡಿದೆ. ಹೆಬ್ಬೆರಳುಗಳ ಸುರಿಮಳೆ.

ಹೋಂಸ್ಟೇಯ ಅಕ್ಕ ಬಕೆಟ್ ನೋಡಿ ಏನೂ ಹೇಳಲಿಲ್ಲ. ಒಳಗೆ ಹೋಗಿ ತಮ್ಮ ಮಾವನವರನ್ನು ಕರೆದುಕೊಂಡು ಬಂದರು. ವಯಸ್ಸಾದವರು. ಇಡೀ ಆಯುಷ್ಯ ದೋಣಿಯಲ್ಲೂ ಬಲೆಯಲ್ಲೂ ಕಳೆದವರು ಎಂದು ಆಮೇಲೆ ತಿಳಿಯಿತು.

“ಇದು ಎಂತ ಮೀನು ಅಂತ ಹಿಡಿದ್ರಿ?” ಎಂದರು.

“ಪಟ್ಟೆಮೀನು,” ಎಂದ ನನ್ನ ಮಗ, ನನಗಿಂತ ಮೊದಲೇ.

“ಇದು ಕೆಂಬೇರಿ ಮರಿ ತಮಾ.”

ಕೆಂಬೇರಿ ನನಗೆ ಗೊತ್ತಿತ್ತು. ಹಿಂದಿನ ದಿನ ಮೀನುಪೇಟೆಯಲ್ಲಿ ನೋಡಿದ್ದೆ. ತೋಳುದ್ದದ ತಾಮ್ರಗೆಂಪು ಮೀನು, ಉಗುರಗಲದ ಹುರುಪೆ, ಬಾಯಲ್ಲಿ ನಾಯಿಹಲ್ಲು. ಬೆಲೆ ಕೇಳಿ ಮುಂದೆ ಹೋಗಿದ್ದೆವು. ಅದಕ್ಕೂ ಇದಕ್ಕೂ ಎತ್ತಣ ಸಂಬಂಧ ಎಂದು ನನ್ನ ಮುಖ ಕೇಳಿರಬೇಕು. ದೊಡ್ಡದಾಗುತ್ತ ಪಟ್ಟೆ ಮಾಸುತ್ತದೆ, ನೀಲಿ ಗೆರೆಯೂ ಅಳಿಸಿಹೋಗುತ್ತದೆ, ಮೈ ಕೆಂಪಾಗುತ್ತದೆ ಎಂದು ಅವರೇ ಹೇಳಿದರು.

ಆಗ ನಾನು ಆಡಿದ ಮಾತು ಇವತ್ತಿಗೂ ನನಗೆ ನಾಚಿಕೆ ತರಿಸುತ್ತದೆ. “ಅಜ್ಜಾ, ಅಭಯಾರಣ್ಯದ ಗಡಿ ಆಚೆಗಿದೆ, ನಾವು ಅದರೊಳಗೆ ಹೋಗಲೇ ಇಲ್ಲ,” ಎಂದೆ. ಅವರೇನೋ ಮೀನಿನ ಜಾತಿ ಹೇಳುತ್ತಿದ್ದರು, ನಾನು ಪೊಲೀಸರೆದುರು ನಿಂತವನಂತೆ ಸಮಜಾಯಿಷಿ ಕೊಡುತ್ತಿದ್ದೆ.

ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಬಕೆಟ್ಟಿನಿಂದ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಜಗಲಿಯ ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಸೀಳಿ, ಕರುಳನ್ನು ಹೆಬ್ಬೆರಳಿಂದ ಪಕ್ಕಕ್ಕೆ ಸರಿಸಿದರು. ಬೆನ್ನುಮೂಳೆಗೆ ಅಂಟಿಕೊಂಡು ಎರಡು ಎಳೆ ಕಾಣಿಸಿದವು. ಹೊಲಿಗೆ ದಾರಕ್ಕಿಂತ ಸ್ವಲ್ಪ ದಪ್ಪ, ಆಚೆಯದು ಕಾಣುವಷ್ಟು ತಿಳಿ. ಗಂಡಾದರೆ ಅಲ್ಲಿ ಹಾಲು ತುಂಬಬೇಕು, ಹೆಣ್ಣಾದರೆ ತತ್ತಿ. ಇದು ಗಂಡೋ ಹೆಣ್ಣೋ ಎಂದು ಮಗಳು ಕೇಳಿದಳು. “ಇನ್ನೂ ಎಂತದೂ ಆಗ್ಲಿಲ್ಲ,” ಎಂದರು ಅಜ್ಜ.

ಆಮೇಲೆ ನಾನು ಓದಿ ತಿಳಿದದ್ದನ್ನೂ ಅವರು ಹೇಳಿದ್ದನ್ನೂ ಸೇರಿಸಿದರೆ ಆಗುವ ಚಿತ್ರ ಇದು. ದೊಡ್ಡ ಕೆಂಬೇರಿ ಕಡಲಿನ ಬಂಡೆಗಳಲ್ಲಿ ವಾಸಿಸುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ತೀರಾ ಚಿಕ್ಕ ಮರಿಗಳು ಕಡಲಿನಿಂದ ತೇಲುತ್ತ ಅಳಿವೆಗೆ ಬಂದು, ಉಪ್ಪೂ ಸಿಹಿಯೂ ಬೆರೆತ ನೀರಿನಲ್ಲಿ, ಕಾಂಡ್ಲಾದ ಬೇರಿನ ನಡುವೆ ಕೆಲವು ವರ್ಷ ಬೆಳೆಯುತ್ತವೆ. ಮೈ ಸರಿಸುಮಾರು ಅರ್ಧ ಮೀಟರು ಮುಟ್ಟುವ ಹೊತ್ತಿಗೆ ಅವು ಪ್ರಾಯಕ್ಕೆ ಬರುವುದು. ಅಷ್ಟರಲ್ಲಿ ಅಳಿವೆ ಬಿಟ್ಟು ಮತ್ತೆ ಕಡಲಿಗೆ ಇಳಿದಿರುತ್ತವೆ. ಅಳಿವೆಯ ಇನ್ನೊಂದು ಮೀನು ಕುರುಡಿಯದು ಇನ್ನೂ ವಿಚಿತ್ರ. ಅದು ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಇನ್ನಷ್ಟು ಬೆಳೆದ ಮೇಲೆ ಹೆಣ್ಣಾಗುತ್ತದೆ. ಸಣ್ಣ ಕುರುಡಿಯನ್ನೆಲ್ಲ ಹಿಡಿದು ಮುಗಿಸಿದ ಹೊಳೆಯಲ್ಲಿ ಹೆಣ್ಣು ಕುರುಡಿ ಹುಟ್ಟುವುದೆಲ್ಲಿಂದ?

ಅಂದರೆ ನಕಾಶೆಯ ಗೆರೆ ಕಾಯುವುದು ಮೀನಿನ ಬಾಳಿನ ಒಂದು ಭಾಗವನ್ನು ಮಾತ್ರ. ಗೆರೆಯ ಹೊರಗಿನ ಹೊಳೆಯಲ್ಲಿ ಬೆಳೆದದ್ದೇ ಗೆರೆಯ ಒಳಗಿನ ಕಡಲಿಗೆ ಹೋಗಬೇಕು. ನಾನು ಗಡಿ ದಾಟದೆಯೇ ಗಡಿಯಾಚೆಯ ಮೀನನ್ನು ಹಿಡಿದಿದ್ದೆ. ಇಲ್ಲಿ ಮರಿ ಬಿಡುವ ಲಾರಿ ಇಲ್ಲ.

ಇದನ್ನು ಗೆಳೆಯರಿಗೆ ಹೇಳಿದಾಗ ಒಬ್ಬ ಜಗಳಕ್ಕೇ ಬಂದ. “ಟ್ರಾಲರುಗಳು ಟನ್ನುಗಟ್ಟಲೆ ಮರಿಮೀನು ಬಳಿದು ಫಿಶ್‌ಮೀಲ್ ಕಾರ್ಖಾನೆಗೆ ಹಾಕುತ್ತವೆ, ನಿನ್ನ ಒಂದು ಬಕೆಟ್ ಯಾವ ಲೆಕ್ಕ?” ಎಂದ. ಮಾತು ಸುಳ್ಳಲ್ಲ. ಕರಾವಳಿಯ ಮೀನಿಗೆ ಬಂದ ಕಷ್ಟದಲ್ಲಿ ನನ್ನಂಥ ರಜಾ ದಿನದ ಗಾಳಿಗನ ಪಾಲು ತೀರಾ ಸಣ್ಣದು. ಆದರೂ ಅವನ ವಾದ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಅದಕ್ಕೆ ಕಾರಣವನ್ನು ಅಜ್ಜನೇ ಹೇಳಿದ್ದರು. ಕಾಂಡ್ಲಾ ಬೇರಿಗೆ ಬಲೆ ಬೀಸುವ ಅಂಬಿಗ ಯಾರೂ ಇಲ್ಲ. ಬೀಸಿದರೆ ಬಲೆ ಹರಿದು ಚಿಂದಿಯಾಗುತ್ತದೆ. ಆದ್ದರಿಂದಲೇ ಆ ಬೇರಿನ ಸಂದಿ ಮರಿಗಳಿಗೆ ಇಷ್ಟು ಕಾಲ ಆಸರೆಯಾಗಿತ್ತು. ಬಲೆ ಹೋಗಲಾರದ ಆ ಜಾಗಕ್ಕೆ ಗಾಳ ಸಲೀಸಾಗಿ ಹೋಗುತ್ತದೆ. ಅದರ ಮೇಲೆ ಕೆಂಬೇರಿ ಮರಿ ಹಿಡಿದ ಬೇರು ಬಿಡುವ ಮೀನಲ್ಲ, ಕಂಡ ಸಿಗಡಿಗೆ ಬಾಯಿ ಹಾಕದೆ ಇರುವುದೂ ಇಲ್ಲ. ಹೀಗಾಗಿ ಒಂದು ಬೇರಿನ ಬುಡವನ್ನು ಒಬ್ಬನೇ ಆಸಾಮಿ ಒಂದೇ ಭರತದಲ್ಲಿ ಗುಡಿಸಿಹಾಕಬಹುದು. ನಾನು ಮಾಡಿದ್ದು ಅದೇ. ನನ್ನ ಕೈಚಳಕ ಎಂದುಕೊಂಡದ್ದು ಆ ಮರಿಗಳ ದಡ್ಡತನ.

ಶರಾವತಿ ಅಳಿವೆಗೆ ಬೇರೆ ಭಾರಗಳೂ ಇವೆ. ನಾವು ಜೋಗದಿಂದ ಇಳಿದು ಬಂದ ದಾರಿಯುದ್ದಕ್ಕೂ ಕಂಡ ನದಿ ಸ್ವತಂತ್ರವಾಗಿ ಹರಿಯುವ ನದಿಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ಒಂದು ಕಟ್ಟೆ ಬಂತು. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗಬೇಕಾದ ಹೊಳೆಗೆ ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಇಳಿಯುತ್ತದೆ. ಬೇಸಿಗೆಯಲ್ಲಿ ಕಡಲಿನ ಉಪ್ಪು ಮೇಲಕ್ಕೆ ಏರಿ ಬರಬೇಕಾದ ಕಡೆ ನೀರು ಸಪ್ಪೆಯಾಗಿಯೇ ಉಳಿಯುತ್ತದೆ. ಉಪ್ಪುನೀರು ಬೇಡುವ ಚಿಪ್ಪುಜೀವಿಗಳೂ ಮೀನುಗಳೂ ಅದಕ್ಕೆ ತಕ್ಕಂತೆ ಕಡಿಮೆಯಾದವು. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಳಚು ಹೆಕ್ಕಿ ಸಂಸಾರ ನಡೆಸುವವರು ಇವತ್ತಿಗೂ ಇದ್ದಾರೆ. 2024ರ ಜನವರಿಯಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ನದಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ನಾವು ಉರಿಸುವ ಕರೆಂಟಿನ ಬಾಕಿಯನ್ನು ಹೀಗೆ ಕೆಳಗಿನವರು ತೀರಿಸುತ್ತಿರುತ್ತಾರೆ. ಅಂಥ ಹೊಳೆಯಲ್ಲಿ ಉಳಿದ ಮರಿಗಳ ಮೇಲೆ ನಾನು ರೀಲು ತಿರುಗಿಸಿ ಬಂದೆ.

ಮೀನನ್ನು ಎಸೆಯುವಂತಿರಲಿಲ್ಲ, ಬಿಟ್ಟರೆ ಬದುಕುವಂತೆಯೂ ಇರಲಿಲ್ಲ. ಅಕ್ಕ ಮಸಾಲೆ ಹಚ್ಚಿ ಹುರಿದುಕೊಟ್ಟರು. ಮುಳ್ಳೇ ಹೆಚ್ಚು. ಮಗಳು ತಿನ್ನಲಿಲ್ಲ. ಹೆಂಡತಿ ಆ ದಿನ ಏನೂ ಅನ್ನದೆ, ಊರಿಗೆ ಮರಳುವಾಗ ಸಾಗರ ದಾಟಿದ ಮೇಲೆ ರಾಡಿನ ಬೆಲೆ ಕೇಳಿದಳು.

ಗಾಳ ಹಾಕುವುದನ್ನು ನಾನು ಬಿಟ್ಟಿಲ್ಲ, ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕರಾವಳಿಗೆ ಹೋದಾಗ ಈಗ ಕಾಂಡ್ಲಾದ ಬುಡಕ್ಕೆ ಹೋಗುವುದಿಲ್ಲ. ಅಳಿವೆಯ ಮರಳಿನ ಕಡೆ ನಿಂತು ಕಾಣೆ ಮೀನಿಗೆ ಕಾಯುತ್ತೇನೆ, ಹೆಚ್ಚಿನ ಸಲ ಬರಿಗೈ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡಿರುತ್ತೇನೆ. ಮರಿ ಸಿಕ್ಕಿದರೆ ಬಿಡಿಸುವುದು ಸುಲಭ. ಕೈ ಒದ್ದೆ ಮಾಡಿಕೊಂಡು ಹಿಡಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುವುದಿಲ್ಲ. ಕೊಕ್ಕೆಯನ್ನು ಗಂಟಲಿನೊಳಕ್ಕೆ ನುಂಗಿಬಿಟ್ಟಿದ್ದರೆ ಎಳೆಯಬಾರದು, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಬೇಕು. ಹಾಗೆ ಬಿಟ್ಟದ್ದೆಲ್ಲ ಬದುಕುತ್ತದೆ ಎಂಬ ಭ್ರಮೆ ಬೇಡ. ಹಿಡಿದು ಬಿಟ್ಟೆ, ಪಾಪ ಕಳೆಯಿತು ಎನ್ನುವ ಹವ್ಯಾಸಿಗಳ ಮಾತಿನಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ.

ಹೊನ್ನಾವರ, ಕುಮಟಾ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೊರಟವರು ಗಾಳವನ್ನೂ ಒಯ್ಯುವುದಾದರೆ, ಮೊದಲು ಸಿಕ್ಕ ಮೀನನ್ನು ಬಕೆಟ್ಟಿಗೆ ಹಾಕುವ ಮುನ್ನ ದಡದಲ್ಲಿರುವ ಯಾರಿಗಾದರೂ ತೋರಿಸಿ, ಇದು ಪೂರ್ತಿ ಬೆಳೆದರೆ ಎಷ್ಟುದ್ದ ಆಗುತ್ತದೆ ಎಂದು ಕೇಳಿ. ಬಲೆ ನೇಯುತ್ತ ಕೂತ ಮುದುಕರೂ ಪೇಟೆಯಲ್ಲಿ ಮೀನು ಮಾರುವ ಅಮ್ಮಂದಿರೂ ಸಂತೋಷದಿಂದ ಹೇಳುತ್ತಾರೆ. ಕೆಂಬೇರಿ ತಿನ್ನಲೇಬೇಕು ಎನ್ನಿಸಿದರೆ ಪೇಟೆಗೆ ಹೋಗಿ ದೊಡ್ಡ ಮೀನಿನ ತುಂಡು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ.