ಒಂದೇ ಕೇಸ್, ಬೇರೆ ಬೇರೆ ಉತ್ತರ: ಓಪನ್‌ಫೋಮ್ ಟಿಪ್ಪಣಿಗಳು

ಕೇಸ್ ಒಂದೇ, ಕಂಪ್ಯೂಟರ್ ಎರಡು. ಒಂದರಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಲೆಕ್ಕ ಶುರುವಾಗುವ ಮುನ್ನವೇ ನಿಲ್ಲುತ್ತದೆ. ಎರಡರಲ್ಲೂ ಇರುವುದು ಓಪನ್‌ಫೋಮ್. ನೀರು, ಗಾಳಿ, ಹೊಗೆ ಹೇಗೆ ಹರಿಯುತ್ತವೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಇದು. ಯಾರು ಬೇಕಾದರೂ ಇದರ ಕೋಡ್ ಓದಬಹುದು, ತಿದ್ದಬಹುದು. ಕೇಸ್ ಎಂದರೆ ಮೂರು ಫೋಲ್ಡರ್: ‘0’ಯಲ್ಲಿ ಆರಂಭದ ಸ್ಥಿತಿ, ‘ಕಾನ್‌ಸ್ಟಂಟ್’ನಲ್ಲಿ ಮೆಶ್ (ಹರಿವಿನ ಜಾಗವನ್ನು ಸಣ್ಣ ಕೋಶಗಳಾಗಿ ಸೀಳಿದ ಜಾಲ) ಮತ್ತು ದ್ರವದ ಗುಣ, ‘ಸಿಸ್ಟಮ್’ನಲ್ಲಿ ಲೆಕ್ಕದ ವಿಧಾನ. ಹೆಚ್ಚಿನವು ಸಾಮಾನ್ಯ ಎಡಿಟರಿನಲ್ಲೇ ಓದಬಹುದಾದ ಫೈಲುಗಳು. ಅವುಗಳಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಮತ್ತೆ ಬದಲಾದದ್ದೇನು?

*

ಹಲವು ಫೈಲುಗಳ ತಲೆಯಲ್ಲಿ ‘ವರ್ಷನ್ 2.0’ ಎಂಬ ಸಾಲಿದೆ. ಉತ್ತರ ಸಿಕ್ಕಿತು ಅನ್ನಿಸುತ್ತದೆ, ಆದರೆ ಸಿಕ್ಕಿಲ್ಲ. ಅದು ಫೈಲ್ ಬರೆಯುವ ಕ್ರಮದ ಆವೃತ್ತಿ, ಸಾಫ್ಟ್‌ವೇರಿನದಲ್ಲ. ಹತ್ತು ವರ್ಷದ ಅಂತರದಲ್ಲಿ ಬರೆದ ಎರಡು ಕೇಸ್‌ಗಳಲ್ಲೂ ಅದೇ 2.0 ಇರಬಹುದು. ಅದರ ಮೇಲೆ ಚೌಕಟ್ಟಿನೊಳಗೆ ಕಾಣುವ ಆವೃತ್ತಿಯ ಹೆಸರು ಬರೀ ಕಾಮೆಂಟು. ಲೆಕ್ಕ ಮಾಡುವ ಪ್ರೋಗ್ರಾಮ್, ಅಂದರೆ ಸಾಲ್ವರ್, ಅದನ್ನು ಓದುವುದೇ ಇಲ್ಲ. ಅಂದರೆ ತಾನು ಯಾವ ಆವೃತ್ತಿಗೆ ಸೇರಿದ್ದು ಎಂದು ಖಚಿತವಾಗಿ ಹೇಳುವ ದಾರಿ ಕೇಸ್‌ಗೆ ಇಲ್ಲ.

*

ಹೆಸರು ಒಂದಾದರೂ ಶಾಖೆಗಳು ಹಲವು. 1980ರ ದಶಕದ ಕೊನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆನ್ರಿ ವೆಲ್ಲರ್ ಮೊದಲಾದವರ ಕೈಯಲ್ಲಿ ‘ಫೋಮ್’ ಹುಟ್ಟಿತು. 2004ರ ಡಿಸೆಂಬರಿನಲ್ಲಿ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಓಪನ್‌ಫೋಮ್ ಆಗಿ ಹೊರಬಂತು. ಅದನ್ನು ಹೊರತಂದ ಓಪನ್‌ಸಿಎಫ್‌ಡಿ ಕಂಪನಿಯನ್ನು 2011ರಲ್ಲಿ ಎಸ್‌ಜಿಐ ಕಂಪನಿ ಕೊಂಡಿತು, ಮರುವರ್ಷ ಅದು ಇಎಸ್‌ಐ ಪಾಲಾಯಿತು. ಓಪನ್‌ಫೋಮ್ ಫೌಂಡೇಶನ್ ಹುಟ್ಟಿದ್ದೂ 2011ರಲ್ಲೇ. ಇವತ್ತು ಫೌಂಡೇಶನ್ನಿನದು ಒಂದು ಶಾಖೆ, ಓಪನ್‌ಸಿಎಫ್‌ಡಿಯದು ಇನ್ನೊಂದು. ಬಹುಕಾಲದಿಂದ ಈ ಕೆಲಸದಲ್ಲಿದ್ದ ಹರ್ವೋಯೆ ಯಾಸಾಕ್ ಮುಂದಾಳತ್ವದ ಫೋಮ್-ಎಕ್ಸ್‌ಟೆಂಡ್ ಮೂರನೆಯದು.

ಫೌಂಡೇಶನ್ 9, 10, 11 ಎಂದು ಎಣಿಸುತ್ತದೆ. ಓಪನ್‌ಸಿಎಫ್‌ಡಿ ವರ್ಷ-ತಿಂಗಳು ಬರೆಯುತ್ತದೆ: ವಿ2206 ಎಂದರೆ 2022ರ ಜೂನ್. ಆವೃತ್ತಿ 10 ಹೊರಬಂದದ್ದೂ 2022ರಲ್ಲೇ. ಕಲಿಯುವ ಹುಡುಗಿಯೊಬ್ಬಳು ಇವೆರಡರಲ್ಲಿ ಯಾವುದು ಹೊಸದು ಎಂದು ಕೇಳಿದರೆ, ಸಂಖ್ಯೆ ನೋಡಿ ಉತ್ತರ ಹೇಳಲಾಗದು.

*

ಹೆಸರುಗಳ ವಲಸೆಯನ್ನು ಗುರುತು ಹಾಕಿಕೊಂಡೆ. ಹರಿವಿನ ಕ್ಷೋಭೆಯ (ಟರ್ಬುಲೆನ್ಸ್) ಮಾದರಿಯನ್ನು ಹೇಳುವ ಫೈಲ್ ಮೊದಲು ‘ರಾಸ್‌ಪ್ರಾಪರ್ಟೀಸ್’, ‘ಲೆಸ್‌ಪ್ರಾಪರ್ಟೀಸ್’ ಎಂದು ಎರಡಾಗಿತ್ತು. 3.0ರ ಹೊತ್ತಿಗೆ ‘ಟರ್ಬುಲೆನ್ಸ್‌ಪ್ರಾಪರ್ಟೀಸ್’ ಎಂಬ ಒಂದೇ ಫೈಲಾಯಿತು. ಫೌಂಡೇಶನ್ನಿನ 8ರಲ್ಲಿ ‘ಮೊಮೆಂಟಮ್‌ಟ್ರಾನ್ಸ್‌ಪೋರ್ಟ್’ ಆಯಿತು. ಸ್ನಿಗ್ಧತೆ ಬರೆಯುವ ‘ಟ್ರಾನ್ಸ್‌ಪೋರ್ಟ್‌ಪ್ರಾಪರ್ಟೀಸ್’ ಅದೇ ಶಾಖೆಯಲ್ಲಿ ‘ಫಿಸಿಕಲ್‌ಪ್ರಾಪರ್ಟೀಸ್’ ಆಯಿತು. 11ರಲ್ಲಿ ‘ಸಿಂಪಲ್‌ಫೋಮ್’ನಂಥ ಹಲವು ಸಾಲ್ವರ್‌ಗಳ ಬದಲು ‘ಫೋಮ್‌ರನ್’ ಎಂಬ ಒಂದೇ ಪ್ರೋಗ್ರಾಮ್ ಬಂತು. ಯಾವ ಬಗೆಯ ಹರಿವು ಎಂಬುದನ್ನು ಬೇರೆಯಾಗಿ ಹೇಳಬೇಕು. ಓಪನ್‌ಸಿಎಫ್‌ಡಿ ಶಾಖೆಯಲ್ಲಿ ಹಳೆಯ ಹೆಸರುಗಳೇ ಉಳಿದಿವೆ.

ಇದು ಸುಮ್ಮನೆ ಮಾಡಿದ ಬದಲಾವಣೆಯಲ್ಲ. ಹತ್ತಾರು ಸಾಲ್ವರ್‌ಗಳಲ್ಲಿ ಒಂದೇ ಕೋಡ್ ಮತ್ತೆ ಮತ್ತೆ ಬರೆದಿದ್ದರೆ ಒಂದು ತಪ್ಪನ್ನು ಹತ್ತು ಕಡೆ ತಿದ್ದಬೇಕು. ಅದನ್ನು ಒಟ್ಟುಗೂಡಿಸುವುದು ಒಳ್ಳೆಯ ಕೆಲಸ. ಆದರೆ ಆ ಒಳ್ಳೆಯ ಕೆಲಸದ ಬೆಲೆಯನ್ನು ಹಳೆಯ ಕೇಸ್ ತೆರೆದು ಕೂತವರು ತೆರುತ್ತಾರೆ.

*

ಬಹಳ ಹೊತ್ತು ಯೋಚನೆಗೆ ಹಚ್ಚಿದ ಒಂದು ಉದಾಹರಣೆ. ಸಮೀಕರಣದ ಯಾವ ಪದವನ್ನು ಯಾವ ವಿಧಾನದಿಂದ ಬಿಡಿಸಬೇಕೆಂದು ಒಂದು ಫೈಲಿನಲ್ಲಿ ಬರೆಯುತ್ತೇವೆ. ಅಲ್ಲಿ ಗಣಿತದ ಪದವೇ ಕೀವರ್ಡ್. 2.x ಕಾಲದ ಕೇಸ್‌ಗಳಲ್ಲಿ ಸ್ನಿಗ್ಧತೆಯ ಪದದೊಳಗೆ ‘ಡೆವ್’ ಇತ್ತು, 3.0ರಲ್ಲಿ ‘ಡೆವ್2’ ಬಂತು. ಮೊದಲನೆಯದು ವೇಗದ ಬದಲಾವಣೆಯ ಮ್ಯಾಟ್ರಿಕ್ಸಿನ ಕರ್ಣದಿಂದ, ಆ ಕರ್ಣದ ಮೊತ್ತದ ಮೂರನೇ ಒಂದು ಭಾಗ ಕಳೆಯುತ್ತದೆ, ಎರಡನೆಯದು ಮೂರನೇ ಎರಡು ಭಾಗ. ಸಂಕುಚಿಸದ ಹರಿವಿನಲ್ಲಿ ಆ ಮೊತ್ತವೇ ಸೊನ್ನೆ, ಹಾಗಾಗಿ ಗಣಿತದಲ್ಲಿ ವ್ಯತ್ಯಾಸವಿಲ್ಲ. ಆದರೂ ಕೀವರ್ಡ್ ಸಿಗಲಿಲ್ಲವೆಂದು ಸಾಲ್ವರ್ ನಿಲ್ಲುತ್ತದೆ.

ಮೊದಲು ಇದು ಕಿರಿಕಿರಿ ಅನ್ನಿಸಿತ್ತು. ಈಗ ಉಪಕಾರ ಅನ್ನಿಸುತ್ತದೆ. ಯಾವ ಫೈಲ್, ಯಾವ ಕೀವರ್ಡ್ ಎಂದು ಬೊಟ್ಟುಮಾಡಿ ತೋರಿಸುತ್ತದಲ್ಲ!

*

ಹೆದರಿಕೆ ಹುಟ್ಟಿಸುವುದು ನಿಲ್ಲದ ಕೇಸ್. ವೇಗ, ಒತ್ತಡಗಳನ್ನು ಸುತ್ತು ಸುತ್ತಾಗಿ ಬಿಡಿಸುವ ಸಿಂಪಲ್ ವಿಧಾನದಲ್ಲಿ ವೇಗಕ್ಕೆ 0.7, ಒತ್ತಡಕ್ಕೆ 0.3 ಎಂದು ಸಡಿಲಿಕೆಯ ಗುಣಾಂಕ (ಪ್ರತಿ ಸುತ್ತಿನಲ್ಲಿ ಹೊಸ ಬೆಲೆಯ ಕಡೆಗೆ ಎಷ್ಟು ಪಾಲು ಸರಿಯಬೇಕೆಂಬ ಅಂಕಿ) ಕೊಡುವುದು ಹಳೆಯ ವಾಡಿಕೆ. ಮುಂದೆ ಸಿಂಪಲ್‌ಸಿ ಬಂತು: ‘ಕನ್ಸಿಸ್ಟೆಂಟ್ ಯೆಸ್’ ಎಂದು ಬರೆದರೆ ವೇಗಕ್ಕೆ 0.9 ಕೊಡಬಹುದು, ಒತ್ತಡಕ್ಕೆ ಏನೂ ಬೇಡ. ಈ ಹೊಸ ಕೇಸನ್ನು ಸಿಂಪಲ್‌ಸಿ ಬರುವ ಮುಂಚಿನ ಆವೃತ್ತಿಗೆ ಕೊಟ್ಟರೆ ಅದು ‘ಕನ್ಸಿಸ್ಟೆಂಟ್’ ಸಾಲನ್ನು ಹುಡುಕುವುದೇ ಇಲ್ಲ. ಗುಣಾಂಕಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಲೆಕ್ಕ ಹಾಳಾಗುತ್ತದೆ, ನೋಡುವವರು ಮೆಶ್ ಸರಿಯಿಲ್ಲವೆಂದು ಮೆಶ್ ತಿದ್ದುತ್ತ ಕೂರುತ್ತಾರೆ.

*

ಈ ತೊಂದರೆಯ ಇನ್ನೊಂದು ಪದರ ಕಂಪೈಲ್ ಆದ ಲೈಬ್ರರಿಗಳದು. ‘ಲಿನಕ್ಸ್64 ಜಿಸಿಸಿ ಡಿಪಿ ಇಂಟ್32 ಆಪ್ಟ್’ ಎಂಬ ಫೋಲ್ಡರಿನ ಹೆಸರಲ್ಲೇ ಯಂತ್ರ, ಕಂಪೈಲರ್, ದಶಮಾಂಶದ ನಿಖರತೆ, ಪೂರ್ಣಾಂಕದ ಅಳತೆ ಎಲ್ಲ ಇವೆ. ಒಂದು ಆವೃತ್ತಿಗೆ ಕಟ್ಟಿದ ಲೈಬ್ರರಿಯನ್ನು ಇನ್ನೊಂದಕ್ಕೆ ಜೋಡಿಸಿದರೆ ‘ಅನ್‌ಡಿಫೈನ್ಡ್ ಸಿಂಬಲ್’ ಎಂದು ಸಿಡಿಯುತ್ತದೆ. ಮರು ಕಂಪೈಲ್ ಮಾಡಿದರೆ ಹಲವು ಬಾರಿ ಮುಗಿಯುತ್ತದೆ. ಕೋಡಿನೊಳಗಿನ ಹೆಸರುಗಳೂ ಬದಲಾಗಿದ್ದರೆ ಕೂತು ತಿದ್ದಬೇಕು.

*

ಹಳೆಯ, ಹೊಸ ಆವೃತ್ತಿಗಳ ನಡುವೆ ಸೇತುವೆ ಕಟ್ಟಿದವರನ್ನೂ ಬರೆದಿಡಬೇಕು. ಒಂದು ತುದಿಯಲ್ಲಿ ಹೊರಹೋದ ಹರಿವು ಇನ್ನೊಂದರಲ್ಲಿ ಒಳಬರುವ ಸೈಕ್ಲಿಕ್ ಗಡಿಗಳನ್ನು 2.0ರಲ್ಲಿ ಎರಡಾಗಿ ಸೀಳಿದಾಗ, ಹಳೆಯ ಮೆಶ್ ತಿದ್ದಿಕೊಡಲು ‘ಫೋಮ್‌ಅಪ್‌ಗ್ರೇಡ್‌ಸೈಕ್ಲಿಕ್ಸ್’ ಎಂಬ ಸಾಧನವನ್ನೂ ಕೊಟ್ಟರು. ಓಪನ್‌ಸಿಎಫ್‌ಡಿ ಶಾಖೆ ಎಷ್ಟೋ ಕಡೆ ಹಳೆಯ ಕೀವರ್ಡನ್ನೂ ಒಪ್ಪಿಕೊಂಡು, ಅದು ಎಷ್ಟು ತಿಂಗಳು ಹಳೆಯದೆಂದು ತಿಳಿಸುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳು ತಾವು ಬಳಸಿದ ಸಾಫ್ಟ್‌ವೇರಿನ ಆವೃತ್ತಿಯನ್ನು ಶುರುವಿನಲ್ಲೇ ಹೇಳುತ್ತವೆ. ಪಾಠ ಹೇಳುವ ಪ್ರತಿಯೊಬ್ಬರೂ ಕಲಿಯಬೇಕಾದ ಶಿಸ್ತು ಇದು.

*

‘ಕನ್ಸಿಸ್ಟೆಂಟ್’ನಂಥ, ತನಗೆ ಗೊತ್ತಿಲ್ಲದ ಸಾಲನ್ನು ಸಾಲ್ವರ್ ಏಕೆ ಪ್ರಶ್ನಿಸುವುದಿಲ್ಲ? ಕಾರಣ ಹುಡುಕಿದರೆ ಅದೂ ನ್ಯಾಯವಾಗಿಯೇ ಇದೆ. ಒಂದೇ ಫೈಲನ್ನು ಕೋಡಿನ ಹಲವು ಭಾಗಗಳು ತಮತಮಗೆ ಬೇಕಾದಾಗ ಓದುತ್ತವೆ. ಪೂರ್ತಿ ಪಟ್ಟಿ ಯಾರ ಬಳಿಯೂ ಇಲ್ಲ. ಒಳಹರಿವಿನ ವೇಗಕ್ಕೆ ನಾವೇ ಒಂದು ಹೆಸರಿಟ್ಟು, ಅದೇ ಫೈಲಿನಲ್ಲಿ ಡಾಲರ್ ಗುರುತಿನಿಂದ ಕರೆಯಬಹುದು. ಆ ಸ್ವಾತಂತ್ರ್ಯ ಇರಬೇಕಾದರೆ ಅಪರಿಚಿತ ಸಾಲನ್ನು ಕಂಡೊಡನೆ ನಿಲ್ಲುವಂತಿಲ್ಲ.

ಅರ್ಧ ಪರಿಹಾರ ಒಳಗೇ ಇದೆ. ‘ರೈಟ್‌ಆಪ್ಷನಲ್‌ಎಂಟ್ರೀಸ್’ ಎಂಬ ಸ್ವಿಚ್ಚು ಸೊನ್ನೆಯಲ್ಲಿರುತ್ತದೆ. 1 ಮಾಡಿದರೆ, ಹುಡುಕಿ ಸಿಗದೆ ತನ್ನದೇ ಬೆಲೆ ಹಾಕಿಕೊಂಡ ಕಡೆಗಳನ್ನು ಸಾಲ್ವರ್ ತಿಳಿಸುತ್ತದೆ. ಉಳಿದರ್ಧ ಇನ್ನೂ ಬೇಕು: ನಾವು ಬರೆದೂ ಯಾರೂ ಓದದೆ ಉಳಿದ ಸಾಲುಗಳ ಪಟ್ಟಿ, ಪ್ರತಿ ಲೆಕ್ಕದ ಕೊನೆಗೆ. ನಿಲ್ಲಿಸುವುದು ಬೇಡ, ತಿಳಿಸಿದರೆ ಸಾಕು. ಶಾಖೆಗಳು ಒಂದಾಗಲಿ ಎಂದು ನಾನು ಕೇಳುವುದಿಲ್ಲ. ಈ ಪಟ್ಟಿಯೊಂದನ್ನು ಎಲ್ಲ ಶಾಖೆಗಳೂ ಕೊಟ್ಟರೆ, ಮೆಶ್ ತಿದ್ದುತ್ತ ಕೂತ ಎಷ್ಟೋ ಜನರ ರಾತ್ರಿಗಳು ಉಳಿಯುತ್ತವೆ.