ಪಾಮನಕಲ್ಲೂರಿನಲ್ಲಿ ಮೂರು ದಿನ

"ಅಮ್ಮಾ, ನಾವು ಬೆಂಗಳೂರು ಬಿಟ್ಟು ಪಾಮನಕಲ್ಲೂರಿಗೇ ಹೋಗಿ ಇರೋಣ ಅಂತಿದ್ದೀವಿ" ಎಂದು ಮಗಳು ಫೋನಿನಲ್ಲಿ ಹೇಳಿದಾಗ, ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ!

ಅದು ಅಳಿಯನ ಊರು. ಆರು ಎಕರೆ ಎರೆ ಹೊಲ, ಹಿರಿಯರ ಕಾಲದ ಮಾಳಿಗೆ ಮನೆ ಇವೆ. 2020ರ ಲಾಕ್‌ಡೌನಿನಲ್ಲಿ ಬಾಡಿಗೆ ಮನೆಯೊಳಗೆ ಕೂತು ಹಾಲು, ತರಕಾರಿಗೂ ಪರದಾಡಿದ್ದು ಅವರಿಬ್ಬರ ಮನಸ್ಸಿನಿಂದ ಇನ್ನೂ ಹೋಗಿಲ್ಲ. "ನಮ್ಮ ಅನ್ನ ನಾವೇ ಬೆಳ್ಕೊಂಡರೆ ಯಾರ ಹಂಗೂ ಇಲ್ಲ" ಎನ್ನುವುದು ಅಳಿಯನ ಮಾತು. ಮಾತೇನೋ ಚೆಂದವೇ. ಆದರೆ ಮೂರು ವರ್ಷದ ಮೊಮ್ಮಗು ಇದೆಯಲ್ಲ! "ನಾನೊಮ್ಮೆ ನೋಡಿ ಬರ್ತೀನಿ, ಆಮೇಲೆ ಮಾತಾಡೋಣ" ಎಂದೆ. ಎಳ್ಳಮವಾಸ್ಯೆಗೆ ಬೀಗರ ಕರೆಯೂ ಬಂದಿತ್ತು. ದಾವಣಗೆರೆಯಿಂದ ಹೊರಟೇಬಿಟ್ಟೆ.

ಗಂಗಾವತಿ, ಕಾರಟಗಿ, ಸಿಂಧನೂರು ದಾಟುವವರೆಗೂ ದಾರಿಯುದ್ದಕ್ಕೂ ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು. ಎಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಪುಣ್ಯ. ಮುಂದೆ ಮಸ್ಕಿ. 1915ರಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿದ್ದು ಇಲ್ಲಿಯ ಗುಡ್ಡದಲ್ಲೇ. ಅಲ್ಲಿಂದ ಪಾಮನಕಲ್ಲೂರಿನತ್ತ ತಿರುಗಿದರೆ ಸಿಗುವುದು ಮಳೆಯನ್ನೇ ನಂಬಿದ ಹೊಲಗಳು: ತೊಗರಿ, ಹತ್ತಿ, ಕಡಲೆ, ಬಿಳಿಜೋಳ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವೆ ಇದ್ದೂ ಬಾಯಾರುವ ಸೀಮೆ ಇದು.

ಕಾಳಿನ ಲೆಕ್ಕ

ಮರುದಿನ ಹೊಲದಲ್ಲಿ ಚರಗ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಜೋಳದ ಸಾಲಿನ ನಡುವೆ ಕೂತು ಉಂಡ ಊಟದ ರುಚಿಯೇ ಬೇರೆ. ಕೈ ತೊಳೆಯುವಾಗ ಬೀಗತಿಯನ್ನು ಕೇಳಿದೆ: "ಪೇಟೆಯಿಂದ ಏನೂ ತರದೆ ಎಷ್ಟು ದಿನ ಇರಬಹುದು, ಅಕ್ಕಾರ?"

ಅವರು ನಕ್ಕರು. "ಉಪ್ಪು, ಬೆಲ್ಲ, ಗುಳಿಗಿ ಬಿಟ್ರ ವರ್ಷ ಇರ್ತೀವ್ರಿ!"

ನಾನು ಲೆಕ್ಕ ಹಾಕಿದೆ. ಮಗಳ ಸಂಸಾರವೂ ಬಂದರೆ ಮನೆಯಲ್ಲಿ ಆರು ಜನ. ತಲೆಗೆ ದಿನಕ್ಕೆ 400 ಗ್ರಾಂ ಕಾಳು ಎಂದು ಧಾರಾಳವಾಗಿ ಹಿಡಿದರೂ ವರ್ಷಕ್ಕೆ ಒಂಬತ್ತು ಕ್ವಿಂಟಾಲ್ ಸಾಕು. ಮಳೆ ಕೈಕೊಡದಿದ್ದರೆ ಎಕರೆಗೆ ನಾಲ್ಕೈದು ಕ್ವಿಂಟಾಲ್ ಜೋಳ ಬರುತ್ತದೆ ಎಂದರು ಬೀಗರು. ಎರಡು ಎಕರೆಯಲ್ಲಿ ರೊಟ್ಟಿಯ ಚಿಂತೆ ತೀರಿತು. ತೊಗರಿ, ಕಡಲೆ, ಶೇಂಗಾ ಹೊಲದ್ದೇ. ಒಲೆಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಇವೆ. ಕಟಕ್ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆ ಸುತ್ತಿಟ್ಟರೆ ವಾರಗಟ್ಟಲೆ ಕೆಡದು. ಹಳಬರ ಜಾಣತನ ನೋಡಿ!

ಬೀಗತಿಯ ಅತ್ತೆಗೆ ಎಂಬತ್ತು ದಾಟಿದೆ. ಅವರು ಹಗೇವಿನ ಕತೆ ಹೇಳಿದರು. ಎತ್ತರದ ಜಾಗದಲ್ಲಿ ನೆಲ ತೋಡಿ, ಒಬ್ಬರು ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಅಗಲ ಮಾಡಿ, ಸುತ್ತ ಕಣಿಕೆ ಹೊಂದಿಸಿ ಜೋಳ ತುಂಬುತ್ತಿದ್ದರಂತೆ. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಭದ್ರ. 1972ರ ಬರದಲ್ಲಿ ಮನೆಯವರ ಜೀವ ಉಳಿಸಿದ್ದು ಅದೇ ಜೋಳವಂತೆ. ತೆರೆದ ಕೂಡಲೇ ಮಾತ್ರ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಪ್ರಾಣವೇ ಹೋದೀತು. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರಂತೆ. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿರಲಿಲ್ಲ. ಈಗ ಹಗೇವು ಬಳಸುವವರು ವಿರಳ.

ನೀರಿನ ಲೆಕ್ಕ

"ಹಾಗಾದರೆ ಇನ್ನೇನು ಭಯ?" ಎಂದುಕೊಳ್ಳುವಷ್ಟರಲ್ಲಿ ಬೀಗತಿ ಬಿಂದಿಗೆ ಎತ್ತಿಕೊಂಡು ಹೊರಟರು. "ಜ್ವಾಳ ಇದ್ರ ಬರಕ್ಕ ಅಂಜಂಗಿಲ್ರಿ ಅಕ್ಕಾರ. ನಾವು ಅಂಜೂದು ನೀರಿಗಿ."

ನನ್ನ ಎದೆ ಹಿಡಿದದ್ದು ಈ ಮಾತು. ಜೋಳ ವರ್ಷಕ್ಕಾಗುವಷ್ಟಿರುವ ಮನೆಯಲ್ಲಿ ನೀರು ಎರಡು ದಿನಕ್ಕಾಗುವಷ್ಟಿತ್ತು! ಒಂದು ಸಿಂಟೆಕ್ಸು, ನಾಲ್ಕು ಕೊಡ, ಎರಡು ಬಿಂದಿಗೆ. ಕರೆಂಟು ಹೋದರೆ ಕೊಳವೆಬಾವಿಯ ಮೋಟಾರೂ ಸುಮ್ಮನಾಗುತ್ತದೆ. ಅಲ್ಲದೆ ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ. ಬೆಳೆಯುವ ಮಕ್ಕಳ ಹಲ್ಲಿಗೂ ಮೂಳೆಗೂ ಕೇಡು.

ಹೊಲಕ್ಕೆ ನೀರು ಬೇಕೆಂದು ಇಲ್ಲಿನ ರೈತರು ಸುಮ್ಮನೆ ಕೂತವರಲ್ಲ. ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ಬೇಕೆಂದು 2020ರ ಕೊನೆಯಲ್ಲಿ ಇದೇ ಊರಿನಲ್ಲಿ ಧರಣಿ ಕೂತರು. ಅದು ತಿಂಗಳುಗಟ್ಟಲೆ ನಡೆಯಿತು. 2021ರ ಮಸ್ಕಿ ಉಪಚುನಾವಣೆಯಲ್ಲೂ ಅದೇ ಮಾತು. ಹಾಗೆಂದು ಕಾಲುವೆ ಇದ್ದವರೂ ನಿಶ್ಚಿಂತರೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಕಡೆಯವರಿಗೂ ನಿದ್ದೆ ಇರಲಿಲ್ಲ. 2023ರಲ್ಲಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು.

ಹಾಗಾದರೆ ದಾರಿ? ಈ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಾಳಿಗೆಯ ಮಣ್ಣಿನ ಮೇಲೆ ಬಿದ್ದ ನೀರು ಕುಡಿಯಲು ಬಾರದು. ಆದರೆ ಹಿತ್ತಲಲ್ಲಿ ಹೊಸದಾಗಿ ಹಾಕಿದ ಆರ್‌ಸಿಸಿ ಕೋಣೆಗಳಿವೆ, 500 ಚದರಡಿ. ಅಲ್ಲಿ ಬಿದ್ದದ್ದರಲ್ಲಿ ಐದನೇ ಒಂದು ಪಾಲು ಪೋಲಾದರೂ 22,000 ಲೀಟರ್ ಕೈಗೆ ಸಿಗುತ್ತದೆ. ಆರು ಜನರ ಕುಡಿಯುವುದಕ್ಕೆ, ಅಡುಗೆಗೆ ದಿನಕ್ಕೆ 30 ಲೀಟರ್, ವರ್ಷಕ್ಕೆ 11,000. ಅರ್ಧ ಮಳೆಯಾದರೂ ಸಾಕು! ಮೊದಲ ಮಳೆಯ ಕೊಳೆ ನೀರು ಹೊರಬಿಟ್ಟು, ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ತುಂಬಬೇಕು. ಕುಡಿಯುವ ಮುಂಚೆ ಕುದಿಸಬೇಕು. ದನಕರುಗಳಿಗೆ, ಬಟ್ಟೆ ಪಾತ್ರೆಗೆ ಕೊಳವೆಬಾವಿ, ಕೃಷಿ ಹೊಂಡ ನೋಡಿಕೊಳ್ಳಲಿ.

ಬೆಳೆಯಲಾಗದ್ದು

"ಲಾಕ್‌ಡೌನಿನಾಗ ಹೊಟ್ಟಿಗೆ ಕಡಿಮಿ ಆಗ್ಲಿಲ್ರಿ. ಅತ್ತಿಯವರ ಬಿಪಿ ಗುಳಿಗಿ ಸಿಗಲಿಲ್ಲ" ಎಂದರು ಬೀಗತಿ. ದೊಡ್ಡಾಸ್ಪತ್ರೆ ಎಂದರೆ ರಾಯಚೂರಿಗೇ ಹೋಗಬೇಕು. ಗುಳಿಗೆ ಕೊನೆಗೆ ತಂದುಕೊಟ್ಟದ್ದು ಪಕ್ಕದ ಮನೆಯ ಹುಡುಗ, ಬೈಕಿನಲ್ಲಿ. ಬಿತ್ತನೆಗೂ ಹಾಗೇ, ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ ಮುಯ್ಯಾಳು. "ಯಾರ ಹಂಗೂ ಇಲ್ಲ" ಎಂದ ಅಳಿಯನಿಗೆ ಇದನ್ನು ಹೇಳಲೇಬೇಕು ಅನಿಸಿತು. ಈ ನೆಲದಲ್ಲಿ ನೆರೆಹೊರೆಯ ಹಂಗಿಲ್ಲದೆ ಒಂದು ಬೆಳೆಯೂ ಮನೆ ಸೇರುವುದಿಲ್ಲ.

ಹಿಂದಿರುಗಿ ಮಗಳಿಗೆ ಫೋನ್ ಮಾಡಿದೆ. "ಬೇಡ ಅನ್ನಲ್ಲ ಕಣೇ. ಆದರೆ ಮೊದಲು ತೊಟ್ಟಿ, ಆಮೇಲೆ ಸಾಮಾನಿನ ಲಾರಿ. ನೀರನ್ನು ಪರೀಕ್ಷೆ ಮಾಡಿಸಿ. ಮಗುವಿನ ಔಷಧಿ, ಅಜ್ಜಿಯ ಗುಳಿಗೆ ಎರಡು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಒಂದು ಬೇಸಿಗೆ ಅಲ್ಲಿದ್ದು ನೋಡಿ, ಆಮೇಲೆ ಕೆಲಸ ಬಿಡಿ." ಆ ಕಡೆ ಸ್ವಲ್ಪ ಹೊತ್ತು ಮೌನ. "ತೊಟ್ಟಿಗೆ ಎಷ್ಟಾಗುತ್ತಮ್ಮಾ?" ಎಂದಳು. ಅಂತೂ ಲೆಕ್ಕಕ್ಕೆ ಕೂತಳು, ನನಗಷ್ಟು ಸಾಕು.

ಅಕ್ಕತಂಗಿಯರೇ, ಡಬ್ಬಿಗಳಲ್ಲಿ ಬೇಳೆ ಎಷ್ಟಿದೆ ಎಂದು ನಾವೆಲ್ಲ ಕಣ್ಣುಮುಚ್ಚಿ ಹೇಳುತ್ತೇವೆ. ನಾಳೆ ನಲ್ಲಿ ನಿಂತರೆ ನಿಮ್ಮ ಮನೆಯಲ್ಲಿ ಕುಡಿಯುವ ನೀರು ಎಷ್ಟು ದಿನಕ್ಕಿದೆ? ಇವತ್ತೇ ಒಮ್ಮೆ ಎಣಿಸಿ ನೋಡಿ. ನಾನೂ ಊರಿಗೆ ಬಂದವಳೇ ಎಣಿಸಿದೆ; ಒಂದೂವರೆ ದಿನಕ್ಕಿತ್ತು!