ಇರುಳಿನ ಗಂಜಿ

ಆಲಂಕಾರಿನ ಆ ಅಡಿಕೆ ಕೃಷಿಕರ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಒಲೆ ಆರುವುದು ಮೂರು ತಲೆಮಾರುಗಳ ರೂಢಿ. ಆದುದರಿಂದ "ರಾತ್ರಿ ಮಲಗುವ ಮೊದಲು ಒಂದು ಲೋಟ ಗಂಜಿಯನ್ನಾದರೂ ಕುಡಿಯಲೇಬೇಕು" ಎಂದು ಮಂಗಳೂರಿನ ವೈದ್ಯರು ಹೇಳಿದಾಗ, ಅವರಿಗೆ ತಮ್ಮ ಎರಡು ರೋಗಗಳಿಗಿಂತ ಆ ಗಂಜಿಯೇ ಭಾರವಾಗಿ ಕಂಡಿತು.

ರೋಗಗಳೆರಡೂ ಬಂದದ್ದು ಬಹುಶಃ ರಕ್ತದಿಂದ. 1994ರಲ್ಲಿ ಅಡಿಕೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದಾಗ ಅವರಿಗೆ ಮೂರು ಬಾಟಲಿ ರಕ್ತ ಕೊಡಲಾಗಿತ್ತು. ಹಣಕ್ಕೆ ರಕ್ತ ಮಾರುವವರಿಂದ ರಕ್ತ ಪಡೆಯುವುದು ಆಗಿನ್ನೂ ನಡೆದಿತ್ತು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ ಅದು ನಿಂತದ್ದು 1998ರ ಜನವರಿಯಿಂದ. ಎಚ್.ಐ.ವಿ. ಪರೀಕ್ಷೆ ಇದ್ದರೂ ಸೋಂಕು ತಗುಲಿದ ಮೊದಲ ವಾರಗಳಲ್ಲಿ ಅದು ಕಣ್ಣಿಗೆ ಬೀಳದು. ಹೆಪಟೈಟಿಸ್ ಸಿ ವೈರಾಣುವನ್ನು ಗುರುತಿಸಿದ್ದೇ 1989ರಲ್ಲಿ. ದಾನಿಗಳ ರಕ್ತದಲ್ಲಿ ಅದನ್ನು ಹುಡುಕುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಯಾವ ಬಾಟಲಿಯಿಂದ ಯಾವುದು ಬಂತೆಂದು ಇಂದು ಯಾರೂ ಹೇಳಲಾರರು.

ಎಚ್.ಐ.ವಿ. ತಿಳಿದದ್ದು 2006ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಸರಕಾರದ ಉಚಿತ ಔಷಧ ಆರಂಭವಾಗಿದ್ದುದರಿಂದ ಜೀವ ಉಳಿಯಿತು. ಆದರೆ ಯಕೃತ್ತಿನ ಪರೀಕ್ಷೆಯ ಅಂಕೆಗಳು ಮಾತ್ರ ಇಳಿಯಲಿಲ್ಲ. ಮಾತ್ರೆಗಳ ಉಷ್ಣವೆಂದು ಅವರು ಬಗೆದರು. ನೆರೆಯವರು ಕಾಮಾಲೆಯೆಂದು ನೆಲನೆಲ್ಲಿ ಅರೆದು ಕೊಟ್ಟರು. ಆ ಗಿಡದ ಮೇಲೆ 1988ರಲ್ಲಿ ಮದರಾಸಿನ ವಿಜ್ಞಾನಿಗಳು ಪ್ರಕಟಿಸಿದ ಆಶಾದಾಯಕ ಅಧ್ಯಯನವಿದ್ದುದು ನಿಜ. ಆದರೆ ಅದು ಹೆಪಟೈಟಿಸ್ ಬಿ ಕುರಿತದ್ದು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸೊಪ್ಪು ಹೀಗೆ ವರ್ಷಗಳನ್ನು ನುಂಗಿತು.

ಯಕೃತ್ತು ನೋವು ಹೇಳಿಕೊಳ್ಳದ ಅಂಗ. ಹೆಪಟೈಟಿಸ್ ಸಿ ಅದನ್ನು ದಶಕಗಟ್ಟಲೆ ಸದ್ದಿಲ್ಲದೆ ಕಲೆಗಟ್ಟಿಸುತ್ತದೆ, ಜೊತೆಗೆ ಎಚ್.ಐ.ವಿ. ಇದ್ದರೆ ಆ ಕ್ರಿಯೆ ಇನ್ನೂ ತ್ವರಿತ. 2019ರಲ್ಲಿ ಎರಡನೆಯ ವೈರಾಣು ಪತ್ತೆಯಾಗುವಷ್ಟರಲ್ಲಿ ಸಿರೋಸಿಸ್ ಆರಂಭವಾಗಿತ್ತು. ಮದ್ಯವನ್ನು ಮುಟ್ಟದವರಿಗೂ ಸಿರೋಸಿಸ್ ಬರುತ್ತದೆಂಬುದನ್ನು ಅವರ ಪತ್ನಿ ನಂಬಲು ಬಹಳ ದಿನ ಹಿಡಿಯಿತು. ಊರಿಗೆ ಈ ವಿಚಾರ ಹೇಳದಿರಲು ಅದೂ ಒಂದು ಕಾರಣ.

ಚಿಕಿತ್ಸೆ ಬಂದದ್ದು ಸಕಾಲದಲ್ಲಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಪ್ರಾರಂಭವಾಗಿ, ಮಾತ್ರೆಗಳು ಉಚಿತವಾಗಿ ದೊರೆಯತೊಡಗಿದ್ದವು. ಅವರಿಗೆ ಬೇಕಾದ ಸೋಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಜೋಡಿ, ಅವರು ಸೇವಿಸುತ್ತಿದ್ದ ಎಫಾವಿರೆಂಜ್‌ನೊಂದಿಗೆ ಹೊಂದದು. ಎಫಾವಿರೆಂಜ್ ವೆಲ್ಪಟಾಸ್ವಿರಿನ ಬಲವನ್ನು ಕುಗ್ಗಿಸುತ್ತದೆ. ಆದ್ದರಿಂದ ಮೊದಲು ಎಚ್.ಐ.ವಿ. ಔಷಧವನ್ನು ಡೊಲುಟೆಗ್ರಾವಿರ್‌ಗೆ ಬದಲಿಸಿ, ಬಳಿಕ 12 ವಾರ ಚಿಕಿತ್ಸೆ ನಡೆಸಿದರು. ಮುಗಿದ 12 ವಾರಗಳ ನಂತರದ ಪರೀಕ್ಷೆಯಲ್ಲಿ ಸಿ ವೈರಾಣು ಕಾಣಲಿಲ್ಲ. ಪ್ರತಿಕಾಯದ ಪರೀಕ್ಷೆ ಮಾತ್ರ ಮುಂದೆಯೂ ಇದೆ ಎಂದೇ ತೋರಿಸೀತು. ಅದನ್ನು ಕಂಡು ಬೆದರಬಾರದೆಂದು ವೈದ್ಯರು ಎರಡೆರಡು ಸಲ ಹೇಳಿ ಕಳುಹಿದರು.

ಆದರೆ ವೈರಾಣು ಹೋದರೂ ಕಲೆ ಉಳಿದಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಆಗಬೇಕು, ಜ್ವರಕ್ಕೆ ಪ್ಯಾರಾಸಿಟಮಾಲ್ ದಿನಕ್ಕೆ ಎರಡು ಗ್ರಾಂ ಮೀರಬಾರದು. ಇವೆಲ್ಲ ಸುಲಭ. ಕಷ್ಟವಾದದ್ದು ಗಂಜಿ. ಕಲೆಗಟ್ಟಿದ ಯಕೃತ್ತು ಶಕ್ತಿಯನ್ನು ಸಂಚಯಿಸಿಡಲಾರದು; ಅಂಥವರಿಗೆ ಒಂದು ಇರುಳಿನ ಉಪವಾಸ ಆರೋಗ್ಯವಂತರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ದೇಹ ಆಗ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ.

"ಔಷಧವೆಂದೇ ಕುಡಿಯಿರಿ" ಎಂದರು ಪತ್ನಿ. ಅವರು ಕೇಳಲಿಲ್ಲ. ರಾತ್ರಿಭೋಜನ ತ್ಯಾಗವನ್ನು ಅವರು ಯಾವಜ್ಜೀವದ ಯಮವಾಗಿ ಸ್ವೀಕರಿಸಿರಲಿಲ್ಲ. ವರ್ಷವರ್ಷವೂ ನಿಯಮವಾಗಿ ಹಿಡಿಯುತ್ತಿದ್ದರು. ಹಿಡಿದ ಅವಧಿ ಮುಗಿಯುವವರೆಗೆ ಬಿಡಲಾರೆನೆಂದರು. ಆ ತಿಂಗಳುಗಳಲ್ಲಿ ಅವರ ತೋಳುಗಳು ಸೊರಗಿದ್ದನ್ನು ಪತ್ನಿ ದಿನವೂ ಕಂಡರು. ಹಿರಿಯ ತ್ಯಾಗಿಗಳೊಬ್ಬರನ್ನು ಕೇಳಿದರಾದರೂ ಮನಸ್ಸು ಹಗುರವಾದೀತೆಂದು ಆಕೆ ಸೂಚಿಸಿದರು. ಕೇಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮೊದಲನೆಯ ರೋಗದ ಹೆಸರೂ ಹೊರಬೀಳುತ್ತದೆ. ನ್ಯಾಯಾಲಯದ ಆದೇಶವಿಲ್ಲದೆ ಯಾರಿಂದಲೂ ಅದನ್ನು ಬಲವಂತದಿಂದ ಹೇಳಿಸುವಂತಿಲ್ಲವೆಂದು 2017ರ ಕಾನೂನು ಹೇಳುತ್ತದೆ. ಆದರೆ ಬಸದಿಯ ಜಗಲಿಯಲ್ಲಿ ಕುಶಲ ವಿಚಾರಿಸುವವರ ಕಣ್ಣಿಗೆ ಯಾವ ಕಾನೂನು?

ನಿಯಮದ ಅವಧಿ ಮುಗಿದ ಮೇಲೆ ಅವರು ಅದನ್ನು ಮತ್ತೆ ಹಿಡಿಯಲಿಲ್ಲ. ಉಳಿದವರು ಕೈಮುಗಿದು ಹಿಡಿಯುವಾಗ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದರು. ಇಬ್ಬರು ಮೂವರು ತಿರುಗಿ ನೋಡಿದರು. ಯಾರೂ ಏನೂ ಕೇಳಲಿಲ್ಲ. ಅಂದು ರಾತ್ರಿ ಒಂಬತ್ತೂವರೆಗೆ ಪತ್ನಿ ಒಲೆ ಹೊತ್ತಿಸಿದರು.